ಬೆಂಡಿಕ್ಸ್: ಬಿಡಿಭಾಗವಾಗಿ ಉಳಿದ ಮನುಷ್ಯ

ನಮ್ಮಪ್ಪ ಮೈಸೂರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದವರು. ನನಗೆ ಕಾರು ಕಲಿಸಿದವರೂ ಅವರೇ. ಗೇರು, ಕ್ಲಚ್ಚು ಎಲ್ಲಾ ಆದ ಮೇಲೆ ಅವರು ಹೇಳಿಕೊಟ್ಟ ಗುಟ್ಟು ಒಂದಿತ್ತು. ಬೆಟ್ಟ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಬೇಕು, ಪೆಟ್ರೋಲ್ ಉಳಿಯುತ್ತೆ ಅನ್ನೋದು. ಚಾಮುಂಡಿ ಬೆಟ್ಟದಿಂದ ಹಾಗೆ ಅವರು ಎಷ್ಟು ಸಾವಿರ ಸಲ ಇಳಿದಿದ್ದರೋ ಲೆಕ್ಕ ಇಲ್ಲ. ಆ ಕಾಲದ ಟ್ಯಾಕ್ಸಿಯವರೆಲ್ಲ ಅದನ್ನೇ ಮಾಡುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

ಮುಂದೆ ನಾನು ನಾಲ್ಕು ಕಾಸು ಕೂಡಿಟ್ಟು 1960ರ ದಶಕದ ಒಂದು ಅಮೆರಿಕನ್ ಕಾರು ಕೊಂಡೆ. ಅಪ್ಪನಿಗೆ ಅದರ ಮೇಲೆ ನನಗಿಂತ ಹೆಚ್ಚು ಮೋಹ. ಪೂಜೆಗೆ ಅಂತ ಅವರನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋದೆ. ಇಳಿಯುವಾಗ ಅವರು ಕೀಲಿಯ ಕಡೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಆಫ್ ಮಾಡಿದೆ. ಮೊದಲ ತಿರುವಿನಲ್ಲಿ ಬ್ರೇಕ್ ಬೆಣ್ಣೆಯ ಹಾಗೆ ಹಿಡಿಯಿತು. ಎರಡನೇ ತಿರುವಿನಲ್ಲಿ ಪೆಡಲ್ ಬಿಗಿಯಾಯಿತು. ಮೂರನೆಯದರಲ್ಲಿ ಅದು ಪೆಡಲ್ ಆಗಿರಲಿಲ್ಲ, ಕಲ್ಲು. ಎರಡೂ ಕಾಲಿಟ್ಟು ಒತ್ತಿದರೂ ಕಾರು ನಿಧಾನ ಆಗ್ತಾ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದೆ, ಹೇಗೋ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಜಗ್ಗಿ, ಎಡಗಡೆಯ ಮಣ್ಣಿನ ದಿಬ್ಬಕ್ಕೆ ಬಂಪರ್ ಉಜ್ಜಿಕೊಂಡು ನಿಂತಿತು. ಅಪ್ಪ ಮನೆ ತಲುಪುವವರೆಗೆ ಮಾತಾಡಲಿಲ್ಲ.

ಮಾರನೇ ದಿನ ಕಾರು ಸ್ಟಾರ್ಟ್ ಕೂಡ ಆಗಲಿಲ್ಲ. ಮೋಟಾರ್ ಗುಯ್ಯ್ ಅಂತ ತಿರುಗುತ್ತಿತ್ತು, ಇಂಜಿನ್ ಅಲುಗುತ್ತಿರಲಿಲ್ಲ. ಮನೆಗೆ ಬಂದ ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ ಬೆಂಡಿಕ್ಸ್ ಹೋಗಿದೆ ಅಂದರು. ಆಮೇಲೆ ಬ್ರೇಕ್ ನೋಡುತ್ತಾ, ಇಂಜಿನ್ನಿನ ಹಿಂದಿನ ಗೋಡೆಗೆ ಕೂರಿಸಿದ್ದ ಒಂದು ದುಂಡನೆಯ ಕಬ್ಬಿಣದ ಡಬ್ಬಿಯನ್ನು ಬಟ್ಟೆಯಿಂದ ಒರೆಸಿದರು. ಅದರ ಮೇಲೂ ಅದೇ ಹೆಸರು: ಬೆಂಡಿಕ್ಸ್. ಸ್ಟಾರ್ಟರಿನ ಹಲ್ಲುಚಕ್ರದ ಹೆಸರು ಬ್ರೇಕಿನ ಡಬ್ಬಿ ಮೇಲೆ ಯಾಕಿದೆ ಅಂತ ಕೇಳಿದೆ. ಮೇಸ್ತ್ರಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಆ ಹೆಸರು ಹೇಳುವವರಿಗೆ ಅದು ಒಬ್ಬ ಮನುಷ್ಯನ ಹೆಸರು ಅಂತಲೇ ತಿಳಿದಿರಲಿಲ್ಲ. ನನಗೂ ಅಷ್ಟೇ. ಆ ಮನುಷ್ಯನನ್ನು ಹುಡುಕಿಕೊಂಡು ಹೋದದ್ದು ಆಮೇಲೆ.

ಪಾದ್ರಿಯ ಮಗ

ವಿನ್ಸೆಂಟ್ ಬೆಂಡಿಕ್ಸ್ ಹುಟ್ಟಿದ್ದು 1881ರ ಆಗಸ್ಟ್ 12ರಂದು, ಅಮೆರಿಕದ ಇಲಿನಾಯ್ ರಾಜ್ಯದ ಮೊಲೀನ್ ಎಂಬ ಊರಿನಲ್ಲಿ. ತಂದೆ ಸ್ವೀಡನ್ನಿನಿಂದ ವಲಸೆ ಬಂದ ಮೆಥಡಿಸ್ಟ್ ಪಾದ್ರಿ. ಮನೆತನದ ಹೆಸರು ಬೆಂಗ್ಟ್‌ಸನ್. ಹೊಸ ದೇಶದ ನಾಲಿಗೆಗೆ ಒಗ್ಗಲಿ ಅಂತ ಅದು ಬೆಂಡಿಕ್ಸ್ ಆಯಿತು. ಅಂದರೆ ಇವತ್ತು ನಮ್ಮ ಗ್ಯಾರೇಜುಗಳಲ್ಲಿ ಓಡಾಡುವ ಪದ ಒಂದು ವಲಸೆ ಕುಟುಂಬ ತಾನೇ ಕಟ್ಟಿಕೊಂಡ ಹೆಸರು.

ಕುಟುಂಬ ಶಿಕಾಗೋಗೆ ಬಂತು. ಹುಡುಗನಿಗೆ ಚರ್ಚಿನ ಕಡೆ ಮನಸ್ಸಿಲ್ಲ, ಯಂತ್ರಗಳ ಕಡೆ ಮನಸ್ಸು. 16ನೇ ವಯಸ್ಸಿನಲ್ಲಿ ಮನೆ ಬಿಟ್ಟು ನ್ಯೂಯಾರ್ಕಿಗೆ ಹೋದ. ಹಗಲು ಸಿಕ್ಕ ಕೆಲಸ, ರಾತ್ರಿ ಇಂಜಿನಿಯರಿಂಗ್ ಪಾಠ. ಶಿಕಾಗೋಗೆ ವಾಪಸ್ ಬಂದು, ಕುದುರೆಗಾಡಿಯ ಆಕಾರಕ್ಕೆ ಇಂಜಿನ್ ಕೂರಿಸಿದ ಮೋಟಾರ್ ಬಗ್ಗಿಗಳನ್ನು ಮಾರುವ ಕಂಪನಿಯಲ್ಲಿ ಕೆಲಸ ಮಾಡಿದ. 1907ರಲ್ಲಿ ತನ್ನದೇ ಹೆಸರಿನಲ್ಲಿ ಅಂಥ ಬಗ್ಗಿಗಳನ್ನು ತಯಾರಿಸಲು ಶುರು ಮಾಡಿದ. ಎರಡೇ ವರ್ಷದಲ್ಲಿ ಆ ವ್ಯಾಪಾರ ಮುಳುಗಿತು.

ಆ ಸೋಲಿನಿಂದ ಆತ ಇಡೀ ಕಾರು ಮಾಡುವ ಹಂಬಲ ಬಿಟ್ಟ. ಎಲ್ಲರ ಕಾರಿಗೂ ಬೇಕಾಗುವ ಒಂದು ಭಾಗ ಮಾಡಿದರೆ ಸಾಕು ಅನ್ನುವ ಬುದ್ಧಿ ಬಂತು. ಆಗ ಕಾರು ಚಾಲೂ ಮಾಡೋದು ಅಂದರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸೋದು. ಹ್ಯಾಂಡಲ್ ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ದಾರಿ ಸಿಕ್ಕಿತು, ಆದರೆ ಒಂದು ತೊಡಕಿತ್ತು. ಮೋಟಾರಿನ ಹಲ್ಲು ಇಂಜಿನ್ನಿನ ಫ್ಲೈವೀಲಿಗೆ ಕಚ್ಚಿಕೊಳ್ಳಬೇಕು, ಇಂಜಿನ್ ಹತ್ತಿಕೊಂಡ ತಕ್ಷಣ ಬಿಟ್ಟುಬಿಡಬೇಕು. ಬಿಡದಿದ್ದರೆ ಮೋಟಾರೇ ಚಿಂದಿ.

ಬೆಂಡಿಕ್ಸ್ ಕಂಡುಕೊಂಡ ಉಪಾಯ ಸರಳ. ಮೋಟಾರಿನ ದಂಡಕ್ಕೆ ತಿರುಪಿನ ಹಾಗೆ ಸುತ್ತು ಕೊರೆದು, ಅದರ ಮೇಲೆ ಹಲ್ಲುಚಕ್ರವನ್ನು ಸಡಿಲವಾಗಿ ಕೂರಿಸಿದ. ದಂಡ ಗಕ್ಕನೆ ತಿರುಗಿದಾಗ ಚಕ್ರ ತನ್ನ ಜಡತ್ವದಿಂದ ಹಿಂದುಳಿದು, ತಿರುಪಿನ ಮೇಲೆ ಜಾರಿ ಫ್ಲೈವೀಲನ್ನು ಕಚ್ಚುತ್ತೆ. ಇಂಜಿನ್ ಹತ್ತಿಕೊಂಡು ಜೋರಾದಾಗ ಅದೇ ತಿರುಪಿನ ಮೇಲೆ ವಾಪಸ್ ತಳ್ಳಿಸಿಕೊಳ್ಳುತ್ತೆ. ಎಲ್ಮೈರಾ ಊರಿನ ಎಕ್ಲಿಪ್ಸ್ ಮಷೀನ್ ಕಂಪನಿ ಇದನ್ನು ತಯಾರಿಸಿತು, 1914ರಲ್ಲಿ ಷೆವ್ರೊಲೆ ಕಾರುಗಳಿಗೆ ಬಂತು, ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ ಕಾರುಗಳಿಗೆ ಹತ್ತಿತು. ಇಂದಿನ ಸ್ಟಾರ್ಟರುಗಳ ಒಳಗೆ ಆ ಮೂಲ ವಿನ್ಯಾಸ ಇಲ್ಲ. ಆದರೂ ಆ ಜಾಗದಲ್ಲಿ ಏನೇ ಕೂತಿರಲಿ, ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ಬೆಂಡಿಕ್ಸೇ.

ಓಡಿಸಿದವನು ನಿಲ್ಲಿಸಲು ಬಂದ

ಸ್ಟಾರ್ಟರಿನಿಂದ ಕಾರು ಹೆಣ್ಣುಮಕ್ಕಳಿಗೂ ವಯಸ್ಸಾದವರಿಗೂ ದಕ್ಕಿತು. ರಸ್ತೆ ತುಂಬಿತು, ವೇಗ ಏರಿತು. ಬ್ರೇಕ್ ಮಾತ್ರ ಹಳೇ ಕಾಲದಲ್ಲೇ ಉಳಿದಿತ್ತು. 1920ರ ದಶಕದ ಆರಂಭದವರೆಗೂ ಅಮೆರಿಕದ ಬಹುಪಾಲು ಕಾರುಗಳಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್. ಅದೂ ಕಾಲಿನ ಬಲ ಎಷ್ಟೋ ಅಷ್ಟು.

ಬೆಂಡಿಕ್ಸ್ ಈ ಸಲ ತಾನೇ ಕೂತು ಕಂಡುಹಿಡಿಯಲಿಲ್ಲ. ಫ್ರಾನ್ಸಿನ ಇಂಜಿನಿಯರ್ ಆನ್ರಿ ಪೆರೊ ನಾಲ್ಕು ಚಕ್ರದ ಬ್ರೇಕಿನಲ್ಲಿ ಪಳಗಿದ್ದವನು. ಅವನ ವಿನ್ಯಾಸಗಳ ಹಕ್ಕು ಕೊಂಡು 1924ರ ಹೊತ್ತಿಗೆ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಬ್ರೇಕ್ ಕಾರ್ಖಾನೆ ತೆರೆದ. ಅಲ್ಲಿಂದ ಬಂದದ್ದು ಡ್ಯುಯೊ-ಸರ್ವೊ ಡ್ರಮ್ ಬ್ರೇಕ್. ತಿರುಗುವ ಡ್ರಮ್ಮು ಮೊದಲ ಲೈನರ್ ಪಟ್ಟಿಯನ್ನು ತನ್ನ ಜೊತೆ ಎಳೆದುಕೊಳ್ಳುತ್ತೆ, ಅದು ಎರಡನೆಯದನ್ನು ತಳ್ಳುತ್ತೆ. ಹೀಗೆ ಚಕ್ರದ ಓಟವೇ ಬ್ರೇಕಿನ ಹಿಡಿತವನ್ನು ಹೆಚ್ಚಿಸುತ್ತೆ. ನನ್ನ ಕಾರಿನ ನಾಲ್ಕೂ ಚಕ್ರಗಳ ಒಳಗೆ ಇರೋದು ಇದೇ ಬಗೆ. ಅಡ್ಜಸ್ಟ್‌ಮೆಂಟ್ ಒಂದು ಚಕ್ರದಲ್ಲಿ ಹೆಚ್ಚುಕಮ್ಮಿ ಆದರೆ ಗಾಡಿ ಒಂದು ಕಡೆಗೆ ಎಳೆಯುತ್ತೆ. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ ಕಾದರೆ ಹಿಡಿತ ಬೇಗ ಸೋರಿಹೋಗುತ್ತೆ. ಇವೆರಡೂ ಆ ವಿನ್ಯಾಸದ ಹುಟ್ಟುಗುಣ.

ಮುಂದಿನ ಹೆಜ್ಜೆ ಕಾಲಿಗೆ ನೆರವು ಕೊಡುವುದು. ಇಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಅದರ ಕೊಳವೆಯಲ್ಲಿ ನಿರ್ವಾತ ಉಂಟಾಗುತ್ತೆ. ಪುಕ್ಕಟೆ ಸಿಗುವ ಆ ಎಳೆತವನ್ನು ಬ್ರೇಕಿಗೆ ಕಟ್ಟುವ ಕೆಲಸವನ್ನು ಬೆಲ್ಜಿಯಂನ ಆಲ್ಬರ್ಟ್ ಡೆವಾಂಡ್ರ್ ಮಾಡಿದ್ದ. ಅಮೆರಿಕದಲ್ಲಿ ರೇಸ್ ಚಾಲಕ, ವಿಮಾನ ಹಾರಿಸುವವನೂ ಆಗಿದ್ದ ಕೇಲೆಬ್ ಬ್ರ್ಯಾಗ್, ವಿಕ್ಟರ್ ಕ್ಲೀಸ್‌ರಾತ್ ಜೊತೆ ಸೇರಿ ಅಂಥದ್ದೇ ಸಾಧನ ಮಾಡಿದ್ದ. 1928ರಲ್ಲಿ ಪಿಯರ್ಸ್-ಆರೋ ಎಂಬ ಸಿರಿವಂತರ ಕಾರಿಗೆ ನಿರ್ವಾತದ ಬ್ರೇಕ್ ಬಂತು. ಬ್ರ್ಯಾಗ್ ಮತ್ತು ಕ್ಲೀಸ್‌ರಾತ್‌ರ ಕಂಪನಿಯನ್ನು ಬೆಂಡಿಕ್ಸ್ ತನ್ನದರೊಳಗೆ ಸೇರಿಸಿಕೊಂಡ. ಲಾರಿಗಳ ಗಾಳಿ ಬ್ರೇಕಿಗಾಗಿ 1930ರಲ್ಲಿ ವೆಸ್ಟಿಂಗ್‌ಹೌಸ್ ಜೊತೆ ಜಂಟಿ ಕಂಪನಿ ಮಾಡಿದ.

ಪೆರೊ, ಡೆವಾಂಡ್ರ್, ಬ್ರ್ಯಾಗ್, ಕ್ಲೀಸ್‌ರಾತ್ ಇವರ ಹೆಸರು ಇವತ್ತು ಯಾವ ಗ್ಯಾರೇಜಿನಲ್ಲೂ ಕೇಳಲ್ಲ. ಡಬ್ಬಿ ಮೇಲೆ ಅಚ್ಚಾದದ್ದು ಬೆಂಡಿಕ್ಸ್. ಇದನ್ನು ಮೋಸ ಅನ್ನಲು ನನಗೆ ಮನಸ್ಸು ಬರಲ್ಲ, ಹಕ್ಕಿಗೆ ಆತ ದುಡ್ಡು ಕೊಟ್ಟಿದ್ದ. ಬೇರೆಯವರ ಬಲವನ್ನು ತೆಗೆದುಕೊಂಡು ಹತ್ತರಷ್ಟು ಮಾಡುವುದು ಆತನ ನಿಜವಾದ ಕಸುಬಾಗಿತ್ತು. ಬೂಸ್ಟರ್ ಮಾಡುವುದೂ ಅದನ್ನೇ.

ಡಬ್ಬಿಯ ಒಳಗೆ

ಮೇಸ್ತ್ರಿ ನನಗೆ ಅವತ್ತು ಆ ಡಬ್ಬಿಯ ಒಳಗುಟ್ಟು ಬಿಡಿಸಿ ಹೇಳಿದರು. ಒಳಗೆ ಒಂದು ರಬ್ಬರ್ ಪರದೆ ಇದೆ, ಡಬ್ಬಿಯನ್ನು ಎರಡು ಕೋಣೆ ಮಾಡಿದೆ. ಪೆಡಲ್ ಮುಟ್ಟದೆ ಇರುವಾಗ ಎರಡೂ ಕಡೆ ನಿರ್ವಾತ. ಒತ್ತಿದರೆ ಹಿಂದಿನ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತೆ, ಪರದೆ ಮುಂದಕ್ಕೆ ನೂಕಿಸಿಕೊಂಡು ಮಾಸ್ಟರ್ ಸಿಲಿಂಡರನ್ನು ಒತ್ತುತ್ತೆ. 20 ಸೆಂಟಿಮೀಟರ್ ಅಗಲದ ಪರದೆ ಅಂದರೆ ಸುಮಾರು 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಮೂರರಲ್ಲಿ ಎರಡು ಕೆ.ಜಿ. ಒತ್ತಡದ ವ್ಯತ್ಯಾಸ ಸಿಕ್ಕರೂ ಒಟ್ಟು 200 ಕೆ.ಜಿ. ದಾಟುತ್ತೆ. ನಮ್ಮ ಕಾಲಿನ ಹಿಂದೆ ಇಬ್ಬರು ಮೂವರು ಆಳುಗಳು ನಿಂತು ತಳ್ಳಿದ ಹಾಗೆ.

ಆದರೆ ಆ ಆಳುಗಳು ಇಂಜಿನ್ ತಿರುಗುವವರೆಗೆ ಮಾತ್ರ. ಇಂಜಿನ್ ನಿಂತರೆ ಡಬ್ಬಿಯಲ್ಲಿ ಕೂಡಿಟ್ಟ ನಿರ್ವಾತ ಎರಡು ಮೂರು ಸಲ ಒತ್ತಲು ಸಾಕು. ಅದನ್ನು ಸೋರದಂತೆ ಹಿಡಿದಿಡುವುದು ಕೊಳವೆಯ ಬಾಯಲ್ಲಿರುವ ಒಂದು ಪುಟ್ಟ ಒಮ್ಮುಖದ ವಾಲ್ವ್. ನನ್ನ ಕಾರಿನಲ್ಲಿ ಅದರ ರಬ್ಬರ್ ವಯಸ್ಸಾಗಿ ಕರ್ಕಲಾಗಿತ್ತು. ಮಾಡಿದವರ ತಪ್ಪಲ್ಲ ಅದು. ಐದು ದಶಕ ಯಾರೂ ಬದಲಿಸದೇ ಬಿಟ್ಟ ನಮ್ಮಂಥ ಮಾಲೀಕರದ್ದು. ಅದಕ್ಕೇ ಒಂದು ಒತ್ತಿಗೇ ಬಂಡವಾಳ ಖಾಲಿ. ಸೆಕೆಂಡ್ ಗೇರಿಗೆ ಹಾಕಿದಾಗ ಚಕ್ರಗಳು ಇಂಜಿನ್ನನ್ನು ತಿರುಗಿಸಿದವು, ಮತ್ತೆ ನಿರ್ವಾತ ಹುಟ್ಟಿತು, ಪೆಡಲ್ ಸ್ವಲ್ಪ ಮೆತ್ತಗಾಯಿತು. ನಾವು ಬದುಕಿದ್ದು ಹಾಗೆ.

ಅಪ್ಪನ ಅಂಬಾಸಿಡರಿಗೆ ಬೂಸ್ಟರೇ ಇರಲಿಲ್ಲ. ಇಂಜಿನ್ ಇದ್ದರೂ ಇಲ್ಲದಿದ್ದರೂ ಅದರ ಬ್ರೇಕಿನ ಬಲ ಒಂದೇ. ಆ ಗಾಡಿಯಲ್ಲೂ ಆ ಅಭ್ಯಾಸ ಒಳ್ಳೇದಲ್ಲ, ಇಂಜಿನ್ ಹಿಡಿತ ಇಲ್ಲದೆ ಇಳಿದರೆ ಡ್ರಮ್ ಕಾಯುತ್ತೆ. ಆದರೆ ಅವರನ್ನು ಅದು ಕಾಪಾಡಿಕೊಂಡು ಬಂದಿತ್ತು. ಅದೇ ಪಾಠ ಬೇರೆ ಗಾಡಿಗೆ ಬಂದಾಗ ಯಮಪಾಶ ಆಯಿತು.

ಅಂದಿನಿಂದ ಹಳೇ ಪವರ್ ಬ್ರೇಕ್ ಗಾಡಿ ಇಟ್ಟವರಿಗೆಲ್ಲ ನಾನು ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆಗಳನ್ನು ಹೇಳ್ತೀನಿ. ಖರ್ಚಿಲ್ಲ, ಐದು ನಿಮಿಷ ಸಾಕು. ಇಂಜಿನ್ ಆಫ್ ಇಟ್ಟು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡ್ತಾ ಇದೆ. ಇಳಿಯದಿದ್ದರೆ ನಿರ್ವಾತ ತಲುಪುತ್ತಿಲ್ಲ, ಇಲ್ಲವೇ ಡಬ್ಬಿ ಕೆಟ್ಟಿದೆ. ಎರಡನೆಯದು: ಒಂದೆರಡು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಿ. ಮೊದಲ ಒತ್ತು ಮೆತ್ತಗೆ, ಆಮೇಲಿನವು ಒಂದೊಂದೇ ಗಟ್ಟಿಯಾಗಬೇಕು. ಮೊದಲನೆಯದೇ ಕಲ್ಲಾಗಿದ್ದರೆ ವಾಲ್ವ್ ಅಥವಾ ಪರದೆ ಸೋರುತ್ತಿದೆ. ಒತ್ತಿದಾಗ ಕಾಲ ಬಳಿ ಉಸ್ ಅಂತ ಸದ್ದು ನಿಲ್ಲದೇ ಬಂದರೂ ಅದೇ ರೋಗ.

ಪೆಡಲ್ ಸ್ಪಂಜಿನ ಹಾಗೆ ಮೆದುವಾಗಿದ್ದರೆ ಬೂಸ್ಟರನ್ನು ಬೈಯಬೇಡಿ. ಅದು ಬ್ರೇಕ್ ಆಯಿಲ್ ಪೈಪಿನೊಳಗೆ ಗಾಳಿ ಸೇರಿದ ಲಕ್ಷಣ. ಬ್ರೇಕ್ ಆಯಿಲ್ ಕಮ್ಮಿ ಆಗ್ತಾ ಇದೆ, ಹೊರಗೆ ಎಲ್ಲೂ ತೊಟ್ಟಿಕ್ಕಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರ್ತಿದೆ ಅಂದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ಹೋಗಿ, ಆಯಿಲ್ಲನ್ನು ಡಬ್ಬಿಯ ಮೂಲಕ ಇಂಜಿನ್ ಕುಡೀತಾ ಇರಬಹುದು. ನಿರ್ವಾತದ ಕೊಳವೆ ಬದಲಿಸುವಾಗ ಕೈಗೆ ಸಿಕ್ಕ ನೀರಿನ ಪೈಪು ಹಾಕಬೇಡಿ, ಎಳೆತಕ್ಕೆ ಅದು ಒಳಗೇ ಅಪ್ಪಚ್ಚಿ ಆಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಇಂಜಿನ್ ಆಯಿಲ್ ಒಂದು ತೊಟ್ಟು ಬೆರೆತರೂ ಸೀಲುಗಳು ಉಬ್ಬಿ ಕೆಡುತ್ತವೆ.

ಇಂಜಿನ್ ನಿಂತಾಗ

ಮತ್ತೆ ಬೆಂಡಿಕ್ಸ್ ಕಡೆ ಬರೋಣ. 1929ರ ಏಪ್ರಿಲ್‌ನಲ್ಲಿ ಆತನ ಸಂಸ್ಥೆ ಬೆಂಡಿಕ್ಸ್ ಏವಿಯೇಷನ್ ಆಯಿತು. ಜನರಲ್ ಮೋಟಾರ್ಸ್ 24 ಶೇಕಡಾ ಪಾಲು ಕೊಂಡಿತು. ಪಾದ್ರಿಯ ಮಗ ಈಗ ಕುಬೇರ. ಶಿಕಾಗೋದ ಅತಿ ಹೆಸರಾಂತ ಬಂಗಲೆಯಾಗಿದ್ದ ಪಾಮರ್ ಮನೆತನದ ಕೋಟೆಯಂಥ ಮನೆಯನ್ನೇ ಕೊಂಡಿದ್ದ. ಸ್ವೀಡನ್ನಿನ ಅನ್ವೇಷಕ ಸ್ವೆನ್ ಹೆಡಿನ್‌ಗೆ ಹಣ ಕೊಟ್ಟು, ಚೀನಾದ ಜೆಹೋಲ್‌ನ ಬೌದ್ಧ ದೇಗುಲದ ಪ್ರತಿಕೃತಿ ಮಾಡಿಸಿ, ಬಿಡಿಬಿಡಿಯಾಗಿ ಹಡಗಿನಲ್ಲಿ ತರಿಸಿ 1933ರ ಶಿಕಾಗೋ ಮೇಳದಲ್ಲಿ ನಿಲ್ಲಿಸಿದ. 1931ರಲ್ಲಿ ಖಂಡ ದಾಟುವ ವಿಮಾನ ಸ್ಪರ್ಧೆಗೆ ಬೆಂಡಿಕ್ಸ್ ಟ್ರೋಫಿ ಇಟ್ಟ. ಅದರ ಮೊದಲ ವಿಜೇತ ಜಿಮ್ಮಿ ಡೂಲಿಟಲ್. 1938ರಲ್ಲಿ ಅದನ್ನು ಗೆದ್ದವಳು ಜಾಕ್ವೆಲಿನ್ ಕಾಕ್ರನ್. ಅದೇ 1931ರಲ್ಲಿ ಅಮೆರಿಕದ ವಾಹನ ಇಂಜಿನಿಯರುಗಳ ಸಂಘಕ್ಕೆ ಆತ ಅಧ್ಯಕ್ಷ.

ಆದರೆ 1929ರ ಅಕ್ಟೋಬರಿನಲ್ಲೇ ಷೇರುಪೇಟೆ ಕುಸಿದಿತ್ತು. ಕಂಪನಿ ತಡೆದುಕೊಂಡಿತು. ತಡೆದುಕೊಳ್ಳದೇ ಹೋದದ್ದು ಆತನ ಸ್ವಂತ ಲೆಕ್ಕ. ಜಮೀನು, ಕಟ್ಟಡ, ಸಾಲ ಇವುಗಳ ಮೇಲೆ ಕಟ್ಟಿದ್ದೆಲ್ಲ ಕೆಳಗಿಳಿಯುತ್ತಲೇ ಹೋಯಿತು. 1937ರಲ್ಲಿ ಬೇರೆ ಯಾರೋ ಮನೆಬಳಕೆಯ ಆಟೊಮ್ಯಾಟಿಕ್ ವಾಷಿಂಗ್ ಮಷೀನ್ ಮಾಡಿ ಅದಕ್ಕೆ ಬೆಂಡಿಕ್ಸ್ ಅಂತ ಹೆಸರಿಟ್ಟರು. ಹೆಸರು ಬಳಸಿಕೊಂಡಿದ್ದಕ್ಕೆ ಬೆಂಡಿಕ್ಸ್ ಏವಿಯೇಷನ್‌ಗೆ ಪಾಲು ಕೊಟ್ಟರು. ಹೆಸರಿಗೆ ಅಷ್ಟು ಬೆಲೆ ಇತ್ತು. ಹೆಸರಿನ ಮನುಷ್ಯ 1939ರಲ್ಲಿ ವೈಯಕ್ತಿಕವಾಗಿ ದಿವಾಳಿ ಘೋಷಿಸಿದ.

1942ರಲ್ಲಿ ತನ್ನದೇ ಸಂಸ್ಥೆಯಿಂದ ಹೊರಬಿದ್ದ. ಜನರಲ್ ಮೋಟಾರ್ಸ್ ಕಡೆಯ ಅರ್ನೆಸ್ಟ್ ಬ್ರೀಚ್ ಅಧ್ಯಕ್ಷನಾದ. ಎರಡನೇ ಮಹಾಯುದ್ಧ, ವಿಮಾನದ ಉಪಕರಣಗಳಿಗೆ ಎಲ್ಲಿಲ್ಲದ ಬೇಡಿಕೆ. ಆತ ಕಟ್ಟಿದ ಕಾರ್ಖಾನೆಗಳು ಹಗಲೂ ರಾತ್ರಿ ಓಡುತ್ತಿದ್ದಾಗ ಆತನೇ ಅಲ್ಲಿರಲಿಲ್ಲ. ಸುಮ್ಮನೆ ಕೂರುವ ಜಾಯಮಾನ ಅಲ್ಲ, ಹೆಲಿಕಾಪ್ಟರ್ ಕಂಪನಿ ಶುರು ಮಾಡಿದ. ಅದು ದಡ ಮುಟ್ಟುವ ಮೊದಲೇ, 1945ರ ಮಾರ್ಚ್ 27ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ವಯಸ್ಸು 63. ಮುಂದೆ ಅಪೋಲೊ ಯಾನಿಗಳು ಚಂದ್ರನ ಮೇಲೆ ಬಿಟ್ಟುಬಂದ ವೈಜ್ಞಾನಿಕ ಉಪಕರಣಗಳನ್ನು ಮಾಡಿದ್ದು ಬೆಂಡಿಕ್ಸ್ ಹೆಸರಿನ ಕಂಪನಿಯೇ. 1980ರ ದಶಕದಲ್ಲಿ ಅದೂ ಬೇರೆ ಕಂಪನಿಯೊಳಗೆ ಕರಗಿತು.

ಆತನ ಜೀವನ ಓದಿ ಮುಗಿಸಿದಾಗ ನನಗೆ ಚಾಮುಂಡಿ ಬೆಟ್ಟದ ಆ ಮೂರನೇ ತಿರುವು ನೆನಪಾಯಿತು. ಹೊರಗಿನ ಬಲ ನಮ್ಮದೇ ಬಲ ಅಂತ ನಂಬುವುದು ಸುಲಭ. ಬೇರೆಯವರ ದುಡ್ಡು, ಏರುತ್ತಿರುವ ಪೇಟೆ, ಇಂಜಿನ್ನಿನ ಉಸಿರು. ಇವು ಇರುವಷ್ಟು ಹೊತ್ತು ಪೆಡಲ್ ಬೆಣ್ಣೆ. ಇಂಜಿನ್ ನಿಂತಾಗ ಎಷ್ಟು ಒತ್ತು ಉಳಿದಿದೆ ಅನ್ನೋದೇ ಪ್ರಶ್ನೆ. ಕಾರಿನ ವಿಷಯದಲ್ಲಿ ಆತ ಅದಕ್ಕೊಂದು ಉತ್ತರ ಇಟ್ಟಿದ್ದ ಕಂಪನಿ ಕಟ್ಟಿದ. ತನ್ನ ಬದುಕಿಗೆ ಆ ವಾಲ್ವ್ ಕೂರಿಸಿಕೊಳ್ಳಲಿಲ್ಲ.

ಕ್ರೋಮ್ ನೋಡುವ ನಾವು

ನಮ್ಮ ದೇಶದಲ್ಲಿ 2021ರಿಂದ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ಇದೆ. ನಂಬರಿನಲ್ಲಿ ವಿಎ ಅಕ್ಷರ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಗಾಡಿ ಮೂಲ ರೂಪದಲ್ಲಿ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸಲು ಮಾತ್ರ ರಸ್ತೆಗಿಳಿಸಬಹುದು. ಒಳ್ಳೇದೇ. ಪರಂಪರೆ ಉಳಿಯಬೇಕು. ಆದರೆ ಮೂಲರೂಪದ ಈ ಮೋಹ ರಬ್ಬರಿನವರೆಗೆ ಬರಬಾರದು. ರಬ್ಬರ್ ಪರಂಪರೆ ಅಲ್ಲ. ಅದಕ್ಕೆ ಆಯುಷ್ಯ ಇದೆ.

ರ‍್ಯಾಲಿಗಳಲ್ಲಿ ನಾನು ನೋಡ್ತೀನಿ. ಜನ ಬಂಪರಿನ ಕ್ರೋಮ್ ಮುಟ್ಟುತ್ತಾರೆ, ಹಾರ್ನ್ ಒತ್ತುತ್ತಾರೆ, ಮೈಲೇಜ್ ಕೇಳ್ತಾರೆ. ಗಾಡಿ ಹೇಗೆ ನಿಲ್ಲುತ್ತೆ ಅಂತ ಕೇಳಿದವರು ಇಲ್ಲ. ಮಾಲೀಕರೂ ಪೇಂಟಿಗೆ ಲಕ್ಷ ಸುರಿದು, ಬೂಸ್ಟರಿನ ವಾಲ್ವಿಗೆ ಬಂದಾಗ ಮುಂದಿನ ತಿಂಗಳು ನೋಡೋಣ ಅಂತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದ ಮೇಲೆ ನನಗೆ ಅಳತೆಗೆ ಹೊಂದುವ ಒಂದು ವಾಲ್ವ್ ಸಿಕ್ಕಿತು. ಇಡೀ ಕಾರಿಗೆ ನಾನು ಮಾಡಿದ ಖರ್ಚಿನಲ್ಲಿ ಅತಿ ಸಣ್ಣದು ಅದೇ. ಬೂಸ್ಟರಿನ ಪರದೆ, ಮಾಸ್ಟರ್ ಸಿಲಿಂಡರಿನ ಸೀಲುಗಳನ್ನೂ ಮೇಸ್ತ್ರಿ ಹೊಸದು ಹಾಕಿದರು. ಕಸುಬು ಬಲ್ಲ ಅಂಥವರು ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳಿಗೆ ಈ ಕೆಲಸ ಬೇಡ. ನಿಜವಾದ ಪರಂಪರೆ ಕಳೆದುಹೋಗ್ತಾ ಇರೋದು ಅಲ್ಲಿ.

ಕೆಲಸ ಮುಗಿದ ದಿನ ಅಪ್ಪನನ್ನು ಮತ್ತೆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಬರಲ್ಲ ಅಂದವರು ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಂದು ಕೂತರು. ಇಳಿಯುವಾಗ ಇಂಜಿನ್ ಓಡುತ್ತಲೇ ಇತ್ತು, ಗಾಡಿ ಸೆಕೆಂಡ್ ಗೇರಿನಲ್ಲಿತ್ತು. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಕೊನೆಯ ತಿರುವು ದಾಟಿದ ಮೇಲೆ, ಎಷ್ಟು ಪೆಟ್ರೋಲ್ ಸುಟ್ಟಿತು ಅಂತ ಕೇಳಿದರು. ಲೆಕ್ಕ ಹಾಕಿ ಹೇಳಿದೆ. ಪರವಾಗಿಲ್ಲ ಅಂದರು.